ಅಮ್ಮನ ಜೊತೆ ಜರ್ಮನಿ, ಸ್ವಿಟ್ಜರ್ಲೆಂಡ್, ಪ್ಯಾರಿಸ್, ಲಂಡನ್: ಯಾವ ವೀಸಾ ಮೊದಲು?

ಮೊದಲಹೆಜ್ಜೆ

ಎಲ್ಲರಿಗೂ ನಮಸ್ಕಾರ. ನಾನೂ ಅಮ್ಮನೂ ಮೊದಲ ಸಲ ಯುರೋಪಿಗೆ ಹೊರಟಿದ್ದೇವೆ. ಅಕ್ಕ, ಭಾವ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದಾರೆ. ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ಅಕ್ಕನ ಮನೆಯಲ್ಲಿ ಒಂಬತ್ತು ದಿನ, ಆಮೇಲೆ ಸ್ವಿಟ್ಜರ್ಲೆಂಡ್‌ನಲ್ಲಿ ಮೂರು ದಿನ, ಪ್ಯಾರಿಸ್‌ನಲ್ಲಿ ನಾಲ್ಕು ದಿನ, ಅಲ್ಲಿಂದ ರೈಲಿನಲ್ಲಿ ಲಂಡನ್‌ಗೆ ಹೋಗಿ ನಾಲ್ಕು ದಿನ. ಕೊನೆಗೆ ಮತ್ತೆ ರೈಲಿನಲ್ಲಿ ಪ್ಯಾರಿಸ್‌ಗೆ ಬಂದು ಒಂದು ರಾತ್ರಿ ತಂಗಿ, ಊರಿಗೆ ವಿಮಾನ. ಇಬ್ಬರದೂ ಭಾರತದ ಪಾಸ್‌ಪೋರ್ಟ್. ನಾನು ಖಾಸಗಿ ಕಂಪನಿಯ ನೌಕರ. ಅಮ್ಮನಿಗೆ ಅಪ್ಪನ ಕುಟುಂಬ ಪಿಂಚಣಿ ಬರುತ್ತದೆ.

ಓದಿದಷ್ಟೂ ಗೊಂದಲ ಹೆಚ್ಚುತ್ತಿದೆ. ಒಬ್ಬ ಏಜೆಂಟರು "ಫ್ರಾನ್ಸ್‌ಗೆ ಅಪಾಯಿಂಟ್‌ಮೆಂಟ್ ಬೇಗ ಸಿಗುತ್ತದೆ, ಅಲ್ಲೇ ಅರ್ಜಿ ಹಾಕಿ, ಎಲ್ಲ ಒಂದೇ ವೀಸಾ" ಎಂದರು. ಇನ್ನೊಬ್ಬರು "ವಿಮಾನದ ಟಿಕೆಟ್ ಮೊದಲು ತೆಗೆದುಬಿಡಿ" ಎನ್ನುತ್ತಾರೆ. ನನಗೆ ತಿಳಿಯಬೇಕಾದದ್ದು ಇಷ್ಟು: ಯಾವ ದೇಶಕ್ಕೆ ಅರ್ಜಿ ಹಾಕಬೇಕು, ಲಂಡನ್‌ಗೆ ಬೇರೆ ವೀಸಾ ಬೇಕೇ, ಯಾವುದನ್ನು ಮೊದಲು ಮಾಡಿಸಬೇಕು?

ಗಡಿಯಾಚೆ

ಏಜೆಂಟರ ಮಾತಿನಲ್ಲಿ ಅರ್ಧ ನಿಜ. ಜರ್ಮನಿ, ಸ್ವಿಟ್ಜರ್ಲೆಂಡ್, ಫ್ರಾನ್ಸ್ ಮೂರಕ್ಕೂ ಒಂದೇ ಶೆಂಗೆನ್ ವೀಸಾ ಸಾಕು. ಶೆಂಗೆನ್ ಎಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು. ಸ್ವಿಟ್ಜರ್ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿ ಇಲ್ಲ, ಆದರೆ ಶೆಂಗೆನ್ ವಲಯದಲ್ಲಿದೆ. ಐರ್ಲೆಂಡ್ ಅದಕ್ಕೆ ತಿರುಗುಮುರುಗು: ಒಕ್ಕೂಟದಲ್ಲಿದೆ, ಶೆಂಗೆನ್‌ನಲ್ಲಿಲ್ಲ. 2025ರ ಜನವರಿ 1ರಂದು ಬಲ್ಗೇರಿಯ ಮತ್ತು ರೊಮೇನಿಯ ಪೂರ್ಣವಾಗಿ ಸೇರಿದ ಮೇಲೆ ಈ ವಲಯದಲ್ಲಿ 29 ದೇಶಗಳಿವೆ. ಬ್ರಿಟನ್ ಅದರಲ್ಲಿ ಎಂದೂ ಇರಲಿಲ್ಲ. ಲಂಡನ್‌ಗೆ ಬೇರೆಯೇ ಅರ್ಜಿ, ಬೇರೆಯೇ ಶುಲ್ಕ, ಬೇರೆಯೇ ಬೆರಳಚ್ಚು.

ಯಾವ ದೇಶಕ್ಕೆ ಅರ್ಜಿ ಎಂಬುದು ನಿಮ್ಮ ಆಯ್ಕೆಯಲ್ಲ, ಏಜೆಂಟರ ಆಯ್ಕೆಯಂತೂ ಮೊದಲೇ ಅಲ್ಲ. ಪ್ರವಾಸದ ಮುಖ್ಯ ಗುರಿ ಯಾವ ದೇಶವೋ ಅದಕ್ಕೇ ಅರ್ಜಿ. ಮುಖ್ಯ ಎಂದರೆ ಹೆಚ್ಚು ದಿನ ಇರುವ ದೇಶ, ಇಲ್ಲವೇ ಪ್ರವಾಸದ ಉದ್ದೇಶವೇ ಆಗಿರುವ ದೇಶ. ಎರಡು ಕಡೆ ಸರಿಸಮ ದಿನಗಳಾಗಿ ಯಾವುದು ಮುಖ್ಯ ಎಂದು ಹೇಳಲಾಗದಿದ್ದರೆ ಮಾತ್ರ ಮೊದಲು ಕಾಲಿಡುವ ದೇಶ. ನಿಮ್ಮದರಲ್ಲಿ ತರ್ಕಕ್ಕೆ ಜಾಗವೇ ಇಲ್ಲ: ಒಂಬತ್ತು ದಿನ ಜರ್ಮನಿ, ಹೋಗುತ್ತಿರುವುದು ಅಕ್ಕನನ್ನು ನೋಡಲು, ಇಳಿಯುವುದೂ ಅಲ್ಲೇ.

ಇನ್ನು ನಿಮ್ಮ ಯೋಜನೆಯಲ್ಲಿರುವ ನಿಜವಾದ ಮುಳ್ಳನ್ನು ಏಜೆಂಟರಿಬ್ಬರೂ ನೋಡಿಲ್ಲ. ಪ್ಯಾರಿಸ್‌ನಿಂದ ಲಂಡನ್‌ಗೆ ಹೋದ ಕ್ಷಣ ನೀವು ಶೆಂಗೆನ್‌ನಿಂದ ಹೊರಬಿದ್ದಿರಿ. ಮತ್ತೆ ಪ್ಯಾರಿಸ್‌ಗೆ ಬಂದರೆ ಅದು ಎರಡನೆಯ ಪ್ರವೇಶ. ವೀಸಾ ಒಂದೇ ಪ್ರವೇಶದ್ದಾಗಿದ್ದರೆ ಲಂಡನ್‌ನಲ್ಲೇ ಉಳಿದಿರಿ.

ಕಂಬಿಮೇಲೆ

ಗಡಿಯಾಚೆ ಅವರು ಹೇಳಿದ್ದು ಎಷ್ಟು ಅಕ್ಷರಶಃ ನಿಜ ಎಂದರೆ, ಪ್ಯಾರಿಸ್‌ವರೆಗೂ ಬರಲು ಬಿಡುವುದಿಲ್ಲ. ಆ ರೈಲಿನ ವಿಚಾರ ಬೇರೆ ರೈಲುಗಳ ಹಾಗಲ್ಲ. ಪ್ಯಾರಿಸ್‌ನ ಗಾರ್ ದು ನಾರ್ ನಿಲ್ದಾಣದಲ್ಲಿ ಮೇಲಿನ ಹಂತಕ್ಕೆ ಹತ್ತಿದರೆ ಅಲ್ಲಿ ಫ್ರೆಂಚ್ ಪೊಲೀಸರು ನಿಮ್ಮ ನಿರ್ಗಮನ ದಾಖಲಿಸುತ್ತಾರೆ. ಕೆಲವೇ ಹೆಜ್ಜೆ ಮುಂದೆ ಬ್ರಿಟನ್ನಿನ ಗಡಿ ಅಧಿಕಾರಿಗಳು ಕುಳಿತಿರುತ್ತಾರೆ. ಬ್ರಿಟನ್ ಪ್ರವೇಶದ ತಪಾಸಣೆ ಫ್ರಾನ್ಸ್‌ನ ನೆಲದಲ್ಲೇ ಮುಗಿಯುತ್ತದೆ. ಲಂಡನ್‌ನಲ್ಲಿ ಇಳಿದ ಮೇಲೆ ಯಾರೂ ಪಾಸ್‌ಪೋರ್ಟ್ ಕೇಳುವುದಿಲ್ಲ, ನೇರವಾಗಿ ರಸ್ತೆಗೆ ನಡೆದುಬಿಡಬಹುದು.

ವಾಪಸ್ ಬರುವಾಗಲೂ ಹಾಗೆಯೇ. ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದಲ್ಲಿ ರೈಲು ಹತ್ತುವ ಮೊದಲೇ ಫ್ರೆಂಚ್ ಗಡಿ ಪೊಲೀಸರು ಶೆಂಗೆನ್ ಪ್ರವೇಶದ ತಪಾಸಣೆ ಮಾಡುತ್ತಾರೆ. ಪ್ರವೇಶಗಳ ಸಂಖ್ಯೆ ಮುಗಿದಿದ್ದರೆ ಗಾಜಿನ ಆ ಗೂಡಿನ ಮುಂದೆಯೇ ಪ್ರಯಾಣ ಮುಗಿಯಿತು.

ಮೊದಲಹೆಜ್ಜೆ

ಇದನ್ನು ಯಾರೂ ಹೇಳಿರಲಿಲ್ಲ. ಹಾಗಾದರೆ ಅರ್ಜಿಯಲ್ಲಿ ಬಹು ಪ್ರವೇಶ ಎಂದು ಗುರುತು ಹಾಕಿದರೆ ಸಾಕಲ್ಲವೇ?

ಗಡಿಯಾಚೆ

ಗುರುತು ಹಾಕುವುದು ನಿಮ್ಮ ಕೈಯಲ್ಲಿದೆ, ಕೊಡುವುದು ಅವರ ಕೈಯಲ್ಲಿದೆ. ಎರಡು ಪ್ರವೇಶ ಯಾಕೆ ಬೇಕು ಎಂಬುದು ಕಾಗದದಲ್ಲಿ ಕಾಣಿಸಬೇಕು. ಲಂಡನ್ನಿನ ಹೋಟೆಲ್ ಬುಕಿಂಗ್ ಇದ್ದರೆ ಒಳ್ಳೆಯದು, ಬ್ರಿಟನ್ ವೀಸಾ ಕೈಯಲ್ಲೇ ಇದ್ದರೆ ಎಲ್ಲಕ್ಕಿಂತ ಒಳ್ಳೆಯದು. ಆದ್ದರಿಂದ ಈ ಯೋಜನೆಯನ್ನೇ ಉಳಿಸಿಕೊಳ್ಳುವುದಾದರೆ ಬ್ರಿಟನ್ ಮೊದಲು, ಶೆಂಗೆನ್ ಆಮೇಲೆ.

ಆದರೆ ಕ್ಯಾಲೆಂಡರ್ ಮುಂದಿಟ್ಟುಕೊಂಡು ನೋಡಿ. ಬ್ರಿಟನ್ನಿನ ಸಂದರ್ಶಕ ವೀಸಾಕ್ಕೆ ಪ್ರಯಾಣಕ್ಕಿಂತ ಮೂರು ತಿಂಗಳು ಮೊದಲು ಮಾತ್ರ ಅರ್ಜಿ ಹಾಕಬಹುದು. ನಿರ್ಧಾರಕ್ಕೆ ಸಾಮಾನ್ಯವಾಗಿ ಮೂರು ವಾರ. ಶೆಂಗೆನ್‌ಗೆ ಆರು ತಿಂಗಳು ಮೊದಲೇ ಹಾಕಬಹುದು, ಕನಿಷ್ಠ 15 ದಿನ ಮೊದಲಾದರೂ ಹಾಕಲೇಬೇಕು. ಅವರ ನಿರ್ಧಾರಕ್ಕೆ 15 ದಿನ, ಹೆಚ್ಚಿನ ಪರಿಶೀಲನೆ ಬೇಕಾದರೆ 45 ದಿನಗಳವರೆಗೆ ಎಳೆಯಬಹುದು. ಪಾಸ್‌ಪೋರ್ಟ್ ಒಂದೇ, ಅದು ಒಂದು ಕಡೆ ಕುಳಿತಿರುವಾಗ ಇನ್ನೊಂದು ಕಡೆ ಕೊಡಲು ಬರುವುದಿಲ್ಲ. ಬ್ರಿಟನ್ ಅರ್ಜಿಯ ಜೊತೆ ಪಾಸ್‌ಪೋರ್ಟನ್ನು ನಾವೇ ಇಟ್ಟುಕೊಳ್ಳುವ ಸೌಲಭ್ಯಕ್ಕೆ ಬೇರೆ ದುಡ್ಡು ತೆಗೆದುಕೊಳ್ಳುತ್ತಾರೆ. ಅಪಾಯಿಂಟ್‌ಮೆಂಟ್ ಸಿಗುವ ಕಾಯುವಿಕೆ ಬೇರೆ. ಮೂರು ತಿಂಗಳಲ್ಲಿ ಇವೆಲ್ಲ ಹಿಡಿಯುತ್ತವೆ, ಆದರೆ ಉಸಿರಾಡಲು ಜಾಗ ಕಡಿಮೆ.

ಕಂಬಿಮೇಲೆ

ನಾನಾದರೆ ಯೋಜನೆಯ ಬಾಲವನ್ನೇ ಕತ್ತರಿಸುತ್ತಿದ್ದೆ. ಲಂಡನ್‌ನಿಂದಲೇ ಊರಿಗೆ ವಿಮಾನ ಹತ್ತಿ. ಫ್ರಾಂಕ್‌ಫರ್ಟ್‌ಗೆ ಹೋಗುವ, ಲಂಡನ್‌ನಿಂದ ಬರುವ ಟಿಕೆಟ್ ಒಂದೇ ಬುಕಿಂಗ್‌ನಲ್ಲಿ ಸಿಗುತ್ತದೆ. ಆಗ ಶೆಂಗೆನ್‌ಗೆ ಒಂದೇ ಪ್ರವೇಶ ಸಾಕು, ಯಾವ ವೀಸಾ ಮೊದಲು ಎಂಬ ತಲೆನೋವೂ ಇಲ್ಲ. ಪ್ಯಾರಿಸ್‌ನಲ್ಲಿ ಒಂದು ರಾತ್ರಿ ತಂಗಲು ಇಷ್ಟೆಲ್ಲ ಯಾಕೆ?

ಗಡಿಯಾಚೆ

ಇದಕ್ಕೆ ನನ್ನ ಓಟು. ಬರುವ ವಿಮಾನ ದಾರಿಯಲ್ಲಿ ಶೆಂಗೆನ್ ವಲಯದ ಯಾವುದಾದರೂ ನಿಲ್ದಾಣದಲ್ಲಿ ಬದಲಾಗದಂತೆ ಮಾತ್ರ ನೋಡಿಕೊಳ್ಳಿ. ನೇರ ವಿಮಾನವೋ, ಕೊಲ್ಲಿಯ ಕಡೆಯಿಂದ ಬರುವುದೋ ಇರಲಿ.

ದೂರದೃಷ್ಟಿ

ಇದೇ ಚರ್ಚೆಯಲ್ಲಿ ನನ್ನದೊಂದು ಪ್ರಶ್ನೆ ತೂರಿಸುತ್ತೇನೆ, ಕ್ಷಮಿಸಿ. ನಾನು ಅಮೆರಿಕಕ್ಕೆ ಹೋಗುವವನು, ಅಮೆರಿಕದ ವೀಸಾ ಇದೆ. ಕಡಿಮೆ ಬೆಲೆಯ ಟಿಕೆಟ್ ಒಂದರಲ್ಲಿ ಮ್ಯೂನಿಕ್‌ನಲ್ಲಿ ಒಂದು ಬದಲಾವಣೆ, ಪ್ಯಾರಿಸ್‌ನಲ್ಲಿ ಇನ್ನೊಂದು. ವಿಮಾನ ನಿಲ್ದಾಣದ ಹೊರಗೆ ಹೋಗುವುದೇ ಇಲ್ಲವಲ್ಲ?

ಕೌಂಟರ್‌ಹಿಂದೆ

ನಾನು ವಿಮಾನ ಸಂಸ್ಥೆಯೊಂದರ ಚೆಕ್‌ಇನ್ ಕೌಂಟರಿನಲ್ಲಿ ಕೆಲಸ ಮಾಡಿದವಳು. ಆ ಟಿಕೆಟ್ ತೆಗೆಯಬೇಡಿ. ಮ್ಯೂನಿಕ್‌ನಿಂದ ಪ್ಯಾರಿಸ್‌ಗೆ ಹಾರುವುದು ಶೆಂಗೆನ್ ಒಳಗಿನ ಹಾರಾಟ, ಅಂದರೆ ಲೆಕ್ಕಕ್ಕೆ ದೇಶೀಯ ವಿಮಾನ. ಮ್ಯೂನಿಕ್‌ನಲ್ಲೇ ನೀವು ಶೆಂಗೆನ್ ಪ್ರವೇಶಿಸಿರುತ್ತೀರಿ. ಅದಕ್ಕೆ ಶೆಂಗೆನ್ ವೀಸಾವೇ ಬೇಕು, ಅಮೆರಿಕದ ವೀಸಾ ಅಲ್ಲಿ ನಡೆಯುವುದಿಲ್ಲ. ಒಂದೇ ಶೆಂಗೆನ್ ನಿಲ್ದಾಣದಲ್ಲಿ ಅಂತರರಾಷ್ಟ್ರೀಯ ವಿಭಾಗದೊಳಗೇ ವಿಮಾನ ಬದಲಾಯಿಸುವುದು ಬೇರೆ ಕತೆ.

ಎರಡು ಪ್ರತ್ಯೇಕ ಟಿಕೆಟ್ ತೆಗೆದುಕೊಂಡು ತಾವೇ ಜೋಡಿಸಿಕೊಳ್ಳುವವರೂ ಹುಷಾರಾಗಿರಬೇಕು. ಸೂಟ್‌ಕೇಸ್ ಮುಂದಿನ ವಿಮಾನಕ್ಕೆ ತಾನಾಗಿ ಹೋಗುವುದಿಲ್ಲ. ಅದನ್ನು ಎತ್ತಿಕೊಂಡು ಮತ್ತೆ ಚೆಕ್‌ಇನ್ ಮಾಡಲು ವಲಸೆ ತಪಾಸಣೆ ದಾಟಬೇಕು. ದಾಟಲು ಆ ದೇಶದ ವೀಸಾ ಬೇಕು. ಅಮೆರಿಕದಲ್ಲಂತೂ ಒಳಗೇ ಉಳಿಯುವ ವ್ಯವಸ್ಥೆಯೇ ಇಲ್ಲ. ಮೆಕ್ಸಿಕೋಗೆ ಹೋಗುವ ದಾರಿಯಲ್ಲಿ ಎರಡು ಗಂಟೆ ಅಮೆರಿಕದಲ್ಲಿ ನಿಂತರೂ ವೀಸಾ ಬೇಕು. ಬ್ರಿಟನ್ ಕೂಡ ಭಾರತದ ಪಾಸ್‌ಪೋರ್ಟ್ ಇದ್ದವರಿಂದ ವಿಮಾನ ನಿಲ್ದಾಣದೊಳಗಿನ ಬದಲಾವಣೆಗೂ ಟ್ರಾನ್ಸಿಟ್ ವೀಸಾ ಕೇಳುತ್ತದೆ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾದಂತಹ ಕೆಲವು ದೇಶಗಳ ಚಾಲ್ತಿ ವೀಸಾ ಇದ್ದವರಿಗೆ ವಿನಾಯಿತಿ ಇದೆ.

ಕೌಂಟರಿನಲ್ಲಿ ನಾವು ನೋಡುವುದು ಟಿಮ್ಯಾಟಿಕ್ ಎಂಬ ದತ್ತಾಂಶ ವ್ಯವಸ್ಥೆ. ನಿಮ್ಮ ಪೌರತ್ವ, ದಾರಿಯ ನಿಲ್ದಾಣ, ತಲುಪುವ ದೇಶ, ವೀಸಾದ ಬಗೆ ತುಂಬಿದರೆ ಹತ್ತಿಸಬಹುದೇ ಬೇಡವೇ ಎಂದು ಅದು ಹೇಳುತ್ತದೆ. "ಕಾನ್ಸುಲೇಟಿನವರೇ ಪರವಾಗಿಲ್ಲ ಎಂದಿದ್ದಾರೆ" ಎಂದು ಪ್ರಯಾಣಿಕರು ಕೂಗಾಡಿದ್ದನ್ನು ಎಷ್ಟೋ ಸಲ ಕೇಳಿದ್ದೇನೆ. ಸರಿಯಾದ ಕಾಗದ ಇಲ್ಲದವರನ್ನು ಯುರೋಪಿಗೆ ಹೊತ್ತು ತಂದರೆ ವಿಮಾನ ಸಂಸ್ಥೆ ತಲೆಗೆ ಸಾವಿರಾರು ಯೂರೋ ದಂಡ ಕಟ್ಟಬೇಕು, ಆ ಪ್ರಯಾಣಿಕನನ್ನು ತನ್ನ ಖರ್ಚಿನಲ್ಲೇ ವಾಪಸ್ ಕರೆತರಬೇಕು. ಹಾಗಿರುವಾಗ ಕೌಂಟರಿನ ಹುಡುಗಿ ನಿಮ್ಮ ಮೇಲೆ ಕರುಣೆ ತೋರಿಸುವಳೇ?

ದೂರದೃಷ್ಟಿ

ಟಿಕೆಟ್ ಬಿಟ್ಟೆ. ದುಡ್ಡು ಉಳಿಯಿತು ಎಂದುಕೊಳ್ಳುತ್ತೇನೆ. ಧನ್ಯವಾದ ಮೇಡಂ.

ಲೆಕ್ಕಿಗ

ಮೊದಲಹೆಜ್ಜೆ ಅವರೇ, ಪಾಸ್‌ಪೋರ್ಟ್‌ಗಳ ಅವಧಿ ಎಂದಿಗೆ ಮುಗಿಯುತ್ತದೆ ಎಂದು ನೀವು ಹೇಳಲೇ ಇಲ್ಲ. ನಾನು ಯಾರೇ ಕೇಳಿದರೂ ಮೊದಲು ಅದನ್ನೇ ಕೇಳುವುದು.

ಮೊದಲಹೆಜ್ಜೆ

ನನ್ನದಕ್ಕೆ ಇನ್ನೂ ಆರು ವರ್ಷ ಇದೆ. ಅಮ್ಮನದು ಪ್ರವಾಸದಿಂದ ಬಂದು ಎರಡೂವರೆ ತಿಂಗಳಿಗೆ ಮುಗಿಯುತ್ತದೆ. ಬಂದ ಮೇಲೆ ನವೀಕರಿಸೋಣ ಎಂದುಕೊಂಡಿದ್ದೆವು. ಇನ್ನೊಂದು ವಿಷಯ, ಅಮ್ಮನ ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರು ಇದೆ, ಉಪನಾಮದ ಜಾಗ ಖಾಲಿ.

ಲೆಕ್ಕಿಗ

ಹಾಗಾದರೆ ಎಲ್ಲಕ್ಕಿಂತ ಮೊದಲ ಕೆಲಸ ಅದೇ. ಶೆಂಗೆನ್ ವಲಯದಿಂದ ಹೊರಡುವ ದಿನದಿಂದ ಮುಂದಕ್ಕೆ ಕನಿಷ್ಠ ಮೂರು ತಿಂಗಳು ಪಾಸ್‌ಪೋರ್ಟ್ ಚಾಲ್ತಿಯಲ್ಲಿರಬೇಕು. ವಿತರಣೆಯಾಗಿ ಹತ್ತು ವರ್ಷ ದಾಟಿರಬಾರದು, ಕನಿಷ್ಠ ಎರಡು ಖಾಲಿ ಪುಟ ಇರಬೇಕು. ಎರಡೂವರೆ ತಿಂಗಳು ಎಂದರೆ ಅರ್ಜಿ ಅಲ್ಲಿಗೇ ನಿಂತಿತು. ಏಷ್ಯಾದ ಅನೇಕ ದೇಶಗಳಲ್ಲಿ ಮೂರರ ಬದಲು ಆರು ತಿಂಗಳು ಕೇಳುತ್ತಾರೆ. ಅವಧಿ ಮುಗಿಯುವ ಒಂದು ವರ್ಷ ಮೊದಲೇ ಭಾರತದಲ್ಲಿ ಮರುವಿತರಣೆಗೆ ಅರ್ಜಿ ಹಾಕಬಹುದು, ಆದ್ದರಿಂದ ಈಗಲೇ ಹಾಕಿಬಿಡಿ. ಹಳೆಯದರಲ್ಲಿ ವಿದೇಶದ ವೀಸಾ, ಮುದ್ರೆಗಳಿದ್ದರೆ ಆ ಪುಸ್ತಕವನ್ನೂ ಅರ್ಜಿಯ ಜೊತೆ ಒಯ್ಯಿರಿ.

ಒಂಟಿಹೆಸರು

ಹೆಸರಿನ ವಿಷಯ ನನಗೆ ಬಿಡಿ, ಅದರ ನೋವು ಉಂಡವನು. ನಮ್ಮ ಕಡೆಯವರಿಗೆ ಹೆಸರು ಒಂದು, ಹಿಂದೆ ಒಂದೆರಡು ಇನಿಷಿಯಲ್. ಪಾಸ್‌ಪೋರ್ಟ್ ಅರ್ಜಿ ತುಂಬುವಾಗ ಉಪನಾಮದ ಕಡೆ ಗೀಟು ಹಾಕಿ ಕೈ ತೊಳೆದುಕೊಂಡವರು ಎಷ್ಟೋ ಮಂದಿ. ಅದರ ಫಲ ಆಮೇಲೆ ಒಂದೊಂದು ಕಡೆ ಒಂದೊಂದು ಬಗೆಯಲ್ಲಿ ಕಾಣಿಸಿಕೊಳ್ಳುತ್ತದೆ. ಅಮೆರಿಕದ ವೀಸಾದಲ್ಲಿ ಆ ಒಂದೇ ಹೆಸರು ಉಪನಾಮದ ಕಡೆಗೆ ಹೋಗಿ, ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು" ಎಂಬ ಮೂರಕ್ಷರ ಬಂದು ಕೂರುತ್ತದೆ, ಹೆಸರು ಗೊತ್ತಿಲ್ಲ ಎಂಬರ್ಥದಲ್ಲಿ. ಸಂಯುಕ್ತ ಅರಬ್ ಸಂಸ್ಥಾನ 2022ರ ನವೆಂಬರ್‌ನಲ್ಲಿ ಒಂದೇ ಪದದ ಹೆಸರಿರುವವರಿಗೆ ಸಂದರ್ಶಕ ವೀಸಾದಲ್ಲಿ ಪ್ರವೇಶವಿಲ್ಲ ಎಂದಿತು. ಪಾಸ್‌ಪೋರ್ಟ್‌ನ ಕೊನೆಯ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ಆದೀತು ಎಂದು ಆಮೇಲೆ ಸಡಿಲಿಸಿದರು. ದುಬೈನಲ್ಲಿ ಒಂದು ದಿನ ಇಳಿದು ನೋಡಿಕೊಂಡು ಹೋಗೋಣ ಎಂಬ ಆಸೆಯಿದ್ದರೆ ಇದು ನೆನಪಿರಲಿ.

ಶೆಂಗೆನ್‌ಗೆ ಒಂದೇ ಹೆಸರು ಅಡ್ಡಿಯಲ್ಲ. ಆದರೆ ವಿಮಾನ ಟಿಕೆಟ್ಟಿನ ಜಾಲತಾಣ ಎರಡು ಖಾನೆಗಳನ್ನೂ ತುಂಬು ಎಂದು ಹಟ ಹಿಡಿಯುತ್ತದೆ. ಒಬ್ಬೊಬ್ಬರು ಒಂದೊಂದು ರೀತಿ ತುಂಬಿಸುತ್ತಾರೆ. ಪಾಸ್‌ಪೋರ್ಟ್‌ನಲ್ಲಿ ಒಂದು, ಟಿಕೆಟ್‌ನಲ್ಲಿ ಇನ್ನೊಂದು, ವಿಮೆಯಲ್ಲಿ ಮಗದೊಂದು. ಹೇಗಿದ್ದರೂ ಅಮ್ಮನ ಪಾಸ್‌ಪೋರ್ಟ್ ಹೊಸದಾಗಿ ಮಾಡಿಸುತ್ತಿದ್ದೀರಿ, ಉಳಿದ ದಾಖಲೆಗಳು ಒಪ್ಪುವುದಾದರೆ ಉಪನಾಮವನ್ನೂ ಆಗಲೇ ಸೇರಿಸಿಬಿಡಿ. ನಮ್ಮ ಮನೆಯಲ್ಲಿ ಹಾಗೇ ಮಾಡಿದೆವು.

ಲೆಕ್ಕಿಗ

ಸೇರಿಸುವುದಾದರೆ ಆಧಾರ್, ಪ್ಯಾನ್, ಬ್ಯಾಂಕ್, ಪಿಂಚಣಿ ಎಲ್ಲವೂ ಅದೇ ಹೆಸರಿಗೆ ಬರಬೇಕು. ಪಿಂಚಣಿ ಖಾತೆಯ ಹೆಸರು ತಿದ್ದಿಸಲು ಹೊರಟರೆ ಯುರೋಪ್ ಪ್ರವಾಸ ಮೊಮ್ಮಕ್ಕಳ ಕಾಲಕ್ಕೆ ಆದೀತು. ಈಗಿರುವ ಹೆಸರಲ್ಲೇ ಬಿಟ್ಟು, ಎಲ್ಲ ಕಾಗದಗಳಲ್ಲೂ ಒಂದೇ ಅಕ್ಷರಜೋಡಣೆ ಇರುವಂತೆ ನೋಡಿಕೊಳ್ಳುವುದು ಮೇಲು ಎಂಬುದು ನನ್ನ ಮತ. ಟಿಕೆಟ್‌ನಲ್ಲಿ ಹೇಗೆ ತುಂಬಬೇಕು ಎಂದು ವಿಮಾನ ಸಂಸ್ಥೆಯನ್ನೇ ಕೇಳಿ.

ಒಂಟಿಹೆಸರು

ಪಿಂಚಣಿಯ ಮಾತು ಸರಿ. ಒಪ್ಪಿದೆ.

ಗಾಳಿಪಟ

ಇಷ್ಟೆಲ್ಲ ಯಾಕೆ ತಲೆ ಕೆಡಿಸಿಕೊಳ್ಳುತ್ತೀರೋ. ಜರ್ಮನಿಗೆ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ. ಬೇಗ ಸಿಗುವ ದೇಶಕ್ಕೆ ಹಾಕಿ, ಅಲ್ಲಿನ ಹೋಟೆಲ್ ಬುಕ್ ಮಾಡಿ ತೋರಿಸಿ, ವೀಸಾ ಬಂದ ಮೇಲೆ ರದ್ದು ಮಾಡಿ. ವಿಮಾನ ಟಿಕೆಟ್ಟಿಗೂ ನಕಲಿ ಬುಕಿಂಗ್ ಮಾಡಿಕೊಡುವವರು ಇದ್ದಾರೆ, ಕೆಲವೇ ನೂರು ರೂಪಾಯಿ. ಎಲ್ಲರೂ ಮಾಡುವುದು ಇದನ್ನೇ.

ಗಡಿಯಾಚೆ

ಎಲ್ಲರೂ ಮಾಡುವುದಿಲ್ಲ, ಮಾಡಿದವರು ಎಲ್ಲರ ಹೆಸರು ಹೇಳುತ್ತಾರೆ.

ಎರಡು ಬೇರೆ ಸಂಗತಿಗಳನ್ನು ನೀವು ಒಂದೇ ಗಂಟಿನಲ್ಲಿ ಕಟ್ಟಿದ್ದೀರಿ. ರದ್ದು ಮಾಡಬಹುದಾದ ಹೋಟೆಲ್ ಬುಕಿಂಗ್, ಹಣ ಪೂರ್ತಿ ಕಟ್ಟದ ಟಿಕೆಟ್ ಕಾಯ್ದಿರಿಸುವಿಕೆ, ಇವು ಮೋಸವಲ್ಲ. ವೀಸಾ ಬರುವ ಮೊದಲೇ ಪೂರ್ತಿ ದುಡ್ಡು ಸುರಿಯಿರಿ ಎಂದು ನಿಯಮ ಹೇಳುವುದಿಲ್ಲ. ಅವರಿಗೆ ಬೇಕಾದದ್ದು ನೀವು ನಿಜವಾಗಿಯೂ ಹೋಗಲಿರುವ ದಾರಿ. ಆದರೆ ವಿಮಾನ ಸಂಸ್ಥೆಯ ವ್ಯವಸ್ಥೆಯಲ್ಲೇ ಇಲ್ಲದ, ಯಾರೋ ಕಂಪ್ಯೂಟರಿನಲ್ಲಿ ಬರೆದುಕೊಟ್ಟ ಟಿಕೆಟ್ ಖೊಟ್ಟಿ ದಾಖಲೆ. ಖೊಟ್ಟಿ ದಾಖಲೆ ನಿರಾಕರಣೆಗೆ ಪ್ರತ್ಯೇಕವಾದ ಕಾರಣ. ನಿರಾಕರಣೆ ಪತ್ರದಲ್ಲಿ ಆ ಸಾಲಿಗೆ ಗುರುತು ಬಿದ್ದರೆ ಅದು ಶೆಂಗೆನ್ ದೇಶಗಳೆಲ್ಲ ನೋಡುವ ಸಾಮಾನ್ಯ ವೀಸಾ ದತ್ತಾಂಶದಲ್ಲಿ ಐದು ವರ್ಷ ಇರುತ್ತದೆ. ಹಣದ ಪುರಾವೆ ಸಾಲದು ಎಂಬ ನಿರಾಕರಣೆಯನ್ನು ಮುಂದಿನ ಅರ್ಜಿಯಲ್ಲಿ ಸರಿಪಡಿಸಬಹುದು. ಸುಳ್ಳು ಹೇಳಿದ ಎಂಬುದನ್ನು ಹೇಗೆ ಸರಿಪಡಿಸುತ್ತೀರಿ?

ಬೇರೆ ದೇಶಕ್ಕೆ ಅರ್ಜಿ ಹಾಕುವ ವಿಷಯವೂ ಹಾಗೆಯೇ. ಇಳಿಯುವುದು ಫ್ರಾಂಕ್‌ಫರ್ಟ್, ಅಕ್ಕನ ಮನೆ ಸ್ಟುಟ್‌ಗಾರ್ಟ್, ವೀಸಾ ಕೊಟ್ಟಿದ್ದು ಇನ್ನೊಂದು ದೇಶ. ಗಡಿಯಲ್ಲಿ "ಅಲ್ಲಿಗೆ ಯಾವಾಗ ಹೋಗುತ್ತೀರಿ, ಹೋಟೆಲ್ ತೋರಿಸಿ" ಎಂದರೆ ರದ್ದು ಮಾಡಿದ ಬುಕಿಂಗನ್ನು ತೋರಿಸುತ್ತೀರಾ? ಪಡೆದ ಉದ್ದೇಶವೇ ಸುಳ್ಳು ಎಂದು ಕಂಡರೆ ಗಡಿಯಲ್ಲೇ ವೀಸಾ ರದ್ದು ಮಾಡುವ ಅಧಿಕಾರ ಅವರಿಗಿದೆ. ವಯಸ್ಸಾದ ತಾಯಿಯನ್ನು ಜೊತೆಗಿಟ್ಟುಕೊಂಡು ಆಡುವ ಆಟ ಇದಲ್ಲ.

ಗಾಳಿಪಟ

ನನಗೆ ಏನೂ ಆಗಿಲ್ಲ, ಅಷ್ಟೇ ಹೇಳಿದ್ದು. ಆದರೂ ಅಪಾಯಿಂಟ್‌ಮೆಂಟ್ ಸಿಗದಿದ್ದರೆ ಏನು ಮಾಡಬೇಕು ಎಂಬುದಕ್ಕೆ ನಿಮ್ಮಲ್ಲಿ ಉತ್ತರವಿಲ್ಲ.

ಗಡಿಯಾಚೆ

ಉತ್ತರ ಇದೆ: ಆರು ತಿಂಗಳ ಅವಧಿಯನ್ನು ಪೂರ್ತಿ ಬಳಸಿಕೊಳ್ಳುವುದು. ಬೇಸಿಗೆ ರಜೆಗೆ ಹೋಗುವವರು ಏಪ್ರಿಲ್‌ನಲ್ಲಿ ಎದ್ದು ಕೂತರೆ ಸಿಗುವುದಿಲ್ಲ, ಅದು ಸತ್ಯ. ದಲ್ಲಾಳಿಗಳು ಸಮಯಗಳನ್ನೆಲ್ಲ ಬಾಚಿಕೊಂಡು ಮಾರುವುದೂ ಸತ್ಯ. ಅದರ ಬಗ್ಗೆ ನನಗೂ ಸಿಟ್ಟಿದೆ. ರದ್ದಾದ ಸಮಯಗಳು ಮತ್ತೆ ಮತ್ತೆ ತೆರೆಯುತ್ತಿರುತ್ತವೆ, ನೋಡುತ್ತಲೇ ಇರಬೇಕು.

ಸ್ಟುಟ್‌ಗಾರ್ಟ್‌ವಾಸಿ

ಇದೇ ಊರಿನಲ್ಲಿದ್ದೇನೆ, ಆಹ್ವಾನದ ಕಾಗದದ ಬಗ್ಗೆ ಹೇಳುತ್ತೇನೆ. ಬರಿಯ ಆಹ್ವಾನ ಪತ್ರ ಬೇರೆ, "ಫೆರ್‌ಫ್ಲಿಖ್ಟುಂಗ್ಸ್‌ಎರ್ಕ್ಲೇರುಂಗ್" ಎಂಬ ಹೊಣೆಗಾರಿಕೆ ಪತ್ರ ಬೇರೆ. ಎರಡನೆಯದು ಅಕ್ಕ, ಭಾವ ಇಲ್ಲಿನ ವಿದೇಶೀಯರ ಕಚೇರಿಗೆ ಹೋಗಿ, ಸಂಬಳದ ಚೀಟಿಗಳನ್ನು ತೋರಿಸಿ, 29 ಯೂರೋ ಕಟ್ಟಿ, ಅಧಿಕಾರಿಯ ಎದುರು ಸಹಿ ಮಾಡುವ ಪತ್ರ. ಅತಿಥಿಗಳ ಊಟ, ವಸತಿ, ಕಾಯಿಲೆ ಬಿದ್ದರೆ ಆಸ್ಪತ್ರೆ, ವಾಪಸ್ ಕಳಿಸುವ ಖರ್ಚು ಎಲ್ಲ ತಮ್ಮದು ಎಂದು ಒಪ್ಪಿಕೊಂಡಂತೆ. ಸರ್ಕಾರ ಖರ್ಚು ಮಾಡಿದರೆ ಅವರಿಂದಲೇ ವಸೂಲಿ ಮಾಡುತ್ತದೆ. ತಮಾಷೆಗೆ ಸಹಿ ಮಾಡುವ ಕಾಗದವಲ್ಲ. ಆ ಕಚೇರಿಯಲ್ಲಿ ದಿನ ಸಿಗುವುದಕ್ಕೂ ಕಾಯಬೇಕು, ಇವತ್ತೇ ಅಕ್ಕನಿಗೆ ಫೋನ್ ಮಾಡಿ.

ಮೂಲ ಪತ್ರವನ್ನು ಇಲ್ಲಿಂದ ಕಳಿಸಬೇಕು. ಅರ್ಜಿಯ ನಂತರ ಅದು ವಾಪಸ್ ಬಂದರೆ ಪ್ರಯಾಣದಲ್ಲಿ ಕೈಚೀಲದಲ್ಲೇ ಇರಲಿ.

ಫ್ರಾನ್ಸ್‌ನಲ್ಲಿ ನೆಂಟರ ಮನೆಯಲ್ಲಿ ಇಳಿಯುವುದಾದರೆ ಅಲ್ಲಿ ಮೇಯರ್ ಕಚೇರಿಯಿಂದ "ಅತೆಸ್ತಾಸ್ಯೋಂ ದಾಕ್ಯೂಯಿ" ಎಂಬ ಬೇರೆ ಪತ್ರ ಬೇಕಾಗುತ್ತದೆ. ನೀವು ಹೋಟೆಲಿನಲ್ಲಿ ಇರುವವರು, ಬಿಡಿ.

ಮೊದಲಹೆಜ್ಜೆ

ಅಕ್ಕನಿಗೆ ಹೇಳಿದೆ, ಭಾವ ದಿನ ಹುಡುಕುತ್ತಿದ್ದಾರೆ. ಆ ಪತ್ರ ಇದ್ದರೆ ನಮ್ಮ ಬ್ಯಾಂಕ್ ಕಾಗದ ಬೇಡವೇ? ಅಮ್ಮನ ಖಾತೆಯಲ್ಲಿ ಹೆಚ್ಚೇನೂ ಇಲ್ಲ. ಒಂದಿಷ್ಟು ಹಣ ಹಾಕಿಬಿಡಲೇ?

ಲೆಕ್ಕಿಗ

ಹಾಕಬೇಡಿ. ವರ್ಷವಿಡೀ ಪಿಂಚಣಿಯಷ್ಟೇ ಬಂದು ಹೋಗುವ ಖಾತೆಗೆ ಅರ್ಜಿಯ ಹಿಂದಿನ ವಾರ ಐದು ಲಕ್ಷ ಬಂದರೆ ಅದನ್ನು ಓದುವವನಿಗೆ ಬೇರೇನೂ ಕಾಣುವುದಿಲ್ಲ. ಅಮ್ಮನ ಪಿಂಚಣಿಯ ಖಾತೆ ಹೇಗಿದೆಯೋ ಹಾಗೇ ಇರಲಿ. ಅದರ ಜೊತೆ "ಪ್ರಯಾಣದ ಖರ್ಚು ನನ್ನದು" ಎಂದು ನಿಮ್ಮ ಪತ್ರ, ನಿಮ್ಮ ಬ್ಯಾಂಕ್ ವಿವರ, ಸಂಬಳದ ಚೀಟಿ, ಆದಾಯ ತೆರಿಗೆ ವಿವರಪಟ್ಟಿ, ನೀವು ಅವರ ಮಗ ಎಂಬುದಕ್ಕೆ ದಾಖಲೆ. ಕಂಪನಿಯಿಂದ ರಜೆ ಮಂಜೂರಾದ ಪತ್ರವನ್ನು ಮರೆಯಬೇಡಿ, ಅದು ಹಣಕ್ಕಿಂತ ಹೆಚ್ಚು ಮಾತಾಡುತ್ತದೆ. ಅರ್ಜಿ ನೋಡುವವರ ಮನಸ್ಸಿನಲ್ಲಿರುವ ದೊಡ್ಡ ಪ್ರಶ್ನೆ ಇವರು ವಾಪಸ್ ಹೋಗುತ್ತಾರೋ ಇಲ್ಲವೋ ಎಂಬುದು.

ಅಕ್ಕನ ಹೊಣೆಗಾರಿಕೆ ಪತ್ರ ಇದ್ದರೂ ಪ್ಯಾರಿಸ್, ಸ್ವಿಟ್ಜರ್ಲೆಂಡ್ ದಿನಗಳ ಖರ್ಚನ್ನು ನೀವೇ ತೋರಿಸಿ. ದೇಶದೇಶಕ್ಕೂ ದಿನದ ಲೆಕ್ಕ ಇದೆ. ಫ್ರಾನ್ಸ್ ಹೋಟೆಲ್ ಬುಕಿಂಗ್ ಇದ್ದವರಿಗೆ ದಿನಕ್ಕೆ 65 ಯೂರೋ, ಇಲ್ಲದವರಿಗೆ 120 ಯೂರೋ ಎಂದು ಇಟ್ಟುಕೊಂಡಿದೆ.

ಶುಲ್ಕ 2024ರ ಜೂನ್ 11ರಿಂದ ದೊಡ್ಡವರಿಗೆ 90 ಯೂರೋ, ಆರರಿಂದ ಹನ್ನೊಂದು ವರ್ಷದ ಮಕ್ಕಳಿಗೆ 45, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ನಿರಾಕರಿಸಿದರೆ ಹಣ ವಾಪಸ್ ಇಲ್ಲ. ಕೇಂದ್ರದಲ್ಲಿ "ಪ್ರೀಮಿಯಂ" ಕೊಠಡಿ, ಎಸ್‌ಎಂಎಸ್, ಫೋಟೊಕಾಪಿ ಎಂದು ಒಂದೊಂದೇ ಸೇರಿಸುತ್ತಾ ಹೋಗುತ್ತಾರೆ. ಅವೆಲ್ಲ ನಿಮ್ಮ ಇಷ್ಟ. ಮೆತ್ತನೆ ಕುರ್ಚಿಯಲ್ಲಿ ಕುಳಿತ ಮಾತ್ರಕ್ಕೆ ವೀಸಾ ಬರುವುದಿಲ್ಲ, ನಿರ್ಧಾರ ಮಾಡುವವರು ಕಾನ್ಸುಲೇಟಿನಲ್ಲಿದ್ದಾರೆ.

ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದು, ಶೆಂಗೆನ್ ವಲಯಕ್ಕೆಲ್ಲ, ಇರುವ ದಿನಗಳಿಗೆಲ್ಲ ಅನ್ವಯಿಸಬೇಕು. ಅಮ್ಮನಿಗೆ ಹಳೆಯ ಕಾಯಿಲೆ ಏನಾದರೂ ಇದ್ದರೆ ಅದಕ್ಕೆ ರಕ್ಷಣೆ ಇದೆಯೇ ಎಂದು ಓದಿ ನೋಡಿ. ವೀಸಾಕ್ಕೆ ಒಪ್ಪುವ ವಿಮೆಯೆಲ್ಲ ಆಸ್ಪತ್ರೆಯಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಅತ್ತೆಮನೆ

ಅತ್ತೆಯವರು ಮಗನ ಮನೆಗೆಂದು ಹೋಗಿ ಸರಿಯಾಗಿ 90 ದಿನ ಇದ್ದು ಬಂದರು. ಬಹು ಪ್ರವೇಶದ ವೀಸಾ ಇದೆ. ಒಂದು ತಿಂಗಳು ಇಲ್ಲಿದ್ದು ಮತ್ತೆ ಹೋಗುತ್ತೇನೆ ಎನ್ನುತ್ತಿದ್ದಾರೆ. ಆಗುತ್ತದೆಯೇ?

ಲೆಕ್ಕಿಗ

ಆಗುವುದಿಲ್ಲ. ಯಾವುದೇ 180 ದಿನಗಳಲ್ಲಿ 90 ದಿನ ಎಂಬುದು ನಿಯಮ. ಈ 180 ದಿನಗಳು ಜನವರಿಗೊಮ್ಮೆ, ಜುಲೈಗೊಮ್ಮೆ ಹೊಸದಾಗಿ ಶುರುವಾಗುವಂಥವಲ್ಲ. ಅಲ್ಲಿರುವ ಪ್ರತಿ ದಿನವೂ ನಿಂತು ಹಿಂದಿನ 180 ದಿನಗಳನ್ನು ತಿರುಗಿ ನೋಡಬೇಕು. ಒಳಗೆ ಬಂದ ದಿನ, ಹೊರಗೆ ಹೋದ ದಿನ ಎರಡೂ ಲೆಕ್ಕಕ್ಕೆ ಬರುತ್ತವೆ. ಜನವರಿ 1ಕ್ಕೆ ಹೋಗಿ ಮಾರ್ಚ್ 31ಕ್ಕೆ ಹೊರಟರೆ, ಅಧಿಕ ವರ್ಷ ಅಲ್ಲದಿದ್ದಲ್ಲಿ, ಸರಿಯಾಗಿ 90. ಜೂನ್ 29ಕ್ಕೂ ಒಳಗೆ ಕಾಲಿಡುವಂತಿಲ್ಲ. ಜೂನ್ 30ಕ್ಕೆ ಜನವರಿ 1 ಆ 180 ದಿನಗಳ ಲೆಕ್ಕದಿಂದ ಹೊರಬೀಳುತ್ತದೆ, ಒಂದು ದಿನ ಬಿಡುವಾಗುತ್ತದೆ. ಅಲ್ಲಿಂದ ದಿನಕ್ಕೊಂದು ಹಳೆಯ ದಿನ ಉದುರುತ್ತದೆ.

ಮೊದಲೆಲ್ಲ ಮಸುಕು ಮುದ್ರೆಗಳನ್ನು ಪುಟ ತಿರುವಿ ಎಣಿಸುತ್ತಿದ್ದರು. 2025ರ ಅಕ್ಟೋಬರ್ 12ರಿಂದ ಪ್ರವೇಶ, ನಿರ್ಗಮನ ಎರಡನ್ನೂ ಕಂಪ್ಯೂಟರಿನಲ್ಲಿ ದಾಖಲಿಸುವ ಹೊಸ ವ್ಯವಸ್ಥೆ ಹಂತ ಹಂತವಾಗಿ ಬಂದಿದೆ. ದಿನಗಳನ್ನು ಅದೇ ಎಣಿಸುತ್ತದೆ. ಮುದ್ರೆ ಕಾಣಲಿಲ್ಲ ಎಂಬ ಸಬೂಬಿಗೆ ಇನ್ನು ಜಾಗವಿಲ್ಲ.

ಅತ್ತೆಮನೆ

ಅತ್ತೆಯವರಿಗೆ ನೀವೇ ಬಂದು ಹೇಳಿದರೆ ಒಳ್ಳೆಯದಿತ್ತು.

ಗಡಿಯಾಚೆ

ವೀಸಾ ಬಂದ ದಿನ ಮಾಡಬೇಕಾದ ಒಂದು ಕೆಲಸ. ಚೀಟಿಯನ್ನು ಬೆಳಕಿಗೆ ಹಿಡಿದು ನಾಲ್ಕು ಕಡೆ ಓದಿ: ಹೆಸರು ಮತ್ತು ಪಾಸ್‌ಪೋರ್ಟ್ ಸಂಖ್ಯೆ, ಯಾವ ದಿನದಿಂದ ಯಾವ ದಿನದವರೆಗೆ, ಎಷ್ಟು ಪ್ರವೇಶ, ಎಷ್ಟು ದಿನ. ದಿನಗಳ ಕಡೆ 20 ಎಂದಿದ್ದು, ದಿನಾಂಕಗಳ ನಡುವೆ 35 ದಿನ ಇರುವುದು ಸಾಮಾನ್ಯ. ಪ್ರಯಾಣ ಹಿಂದುಮುಂದಾದರೆ ಇರಲಿ ಎಂದು 15 ದಿನ ಹೆಚ್ಚು ಕೊಟ್ಟಿರುತ್ತಾರೆ. 35 ದಿನ ಇರಬಹುದು ಎಂದು ಓದಿಕೊಂಡರೆ ಕೆಟ್ಟಿತು. ಪ್ರವೇಶದ ಕಡೆ 01 ಇದ್ದರೆ ಒಂದೇ, 02 ಇದ್ದರೆ ಎರಡು, "ಮಲ್ಟ್" ಇದ್ದರೆ ಅನೇಕ. ಏನಾದರೂ ತಪ್ಪಿದ್ದರೆ ತಕ್ಷಣ ವಾಪಸ್ ಕೊಟ್ಟು ತಿದ್ದಿಸಬೇಕು.

ಮುಂದೆಯೂ ಹೋಗುವ ಆಸೆಯಿದ್ದರೆ ಇದನ್ನು ಚೆನ್ನಾಗಿ ಬಳಸಿ ಬನ್ನಿ. ಭಾರತದಲ್ಲಿ ವಾಸವಿರುವ ಭಾರತೀಯರಿಗೆ 2024ರ ಏಪ್ರಿಲ್‌ನಲ್ಲಿ ಯುರೋಪಿಯನ್ ಆಯೋಗ ಹೊಸ ಸೂತ್ರ ತಂದಿದೆ. ಮೂರು ವರ್ಷಗಳೊಳಗೆ ಎರಡು ವೀಸಾ ಪಡೆದು ನಿಯಮದಂತೆ ಬಳಸಿದವರಿಗೆ ಎರಡು ವರ್ಷದ ಬಹು ಪ್ರವೇಶ ವೀಸಾ, ಅದರ ನಂತರ ಪಾಸ್‌ಪೋರ್ಟ್ ಅವಧಿ ಇದ್ದರೆ ಐದು ವರ್ಷದ್ದು. 90 ದಿನಗಳ ಮಿತಿ ಆಗಲೂ ತಪ್ಪಿದ್ದಲ್ಲ.

ಸ್ಟುಟ್‌ಗಾರ್ಟ್‌ವಾಸಿ

ಗಡಿಯಲ್ಲಿ ಏನಾಗುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ಕಳೆದ ಬಾರಿ ನನ್ನ ತಾಯಿ ಬಂದಾಗ ನಾನೂ ಜೊತೆಗಿದ್ದೆ. ಅಧಿಕಾರಿ ಗಾಜಿನ ಹಿಂದಿನಿಂದ ಅಮ್ಮನನ್ನೇ ನೋಡುತ್ತಾ, ನನ್ನನ್ನಲ್ಲ, ಯಾಕೆ ಬಂದಿದ್ದೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅಮ್ಮ "ಸನ್" ಎಂದು ನನ್ನನ್ನು ತೋರಿಸಿದರು. ಎಷ್ಟು ದಿನ ಎಂದಾಗ ಬೆರಳು ಮಡಿಸಲು ಶುರು ಮಾಡಿದರು. ನಾನು ಬಾಯಿ ಹಾಕಿದೆ. ವಾಪಸ್ ಟಿಕೆಟ್ ಕೇಳಿದರು, ಮೊಬೈಲಿನಲ್ಲಿ ತೋರಿಸಲು ಹೋದರೆ ನೆಟ್‌ವರ್ಕ್ ಇಲ್ಲ. ಮುದ್ರಿಸಿದ ಪ್ರತಿ ಕೈಚೀಲದಲ್ಲಿತ್ತು, ಅದೇ ಕೆಲಸಕ್ಕೆ ಬಂತು. ವೀಸಾ ಇದ್ದರೂ ಒಳಗೆ ಬಿಡಲೇಬೇಕೆಂಬ ಕಟ್ಟುಪಾಡು ಅವರಿಗಿಲ್ಲ. ಉದ್ದೇಶ, ವಸತಿ, ಹಣ, ವಾಪಸ್ ಟಿಕೆಟ್ ಯಾವುದನ್ನಾದರೂ ಕೇಳಬಹುದು. ಎಲ್ಲದರ ಒಂದೊಂದು ಮುದ್ರಿತ ಪ್ರತಿ ಅಮ್ಮನ ಕೈಚೀಲದಲ್ಲಿ ಇರಲಿ, ಸೂಟ್‌ಕೇಸಿನಲ್ಲಿ ಅಲ್ಲ.

ರೈಲಿನಲ್ಲಿ ಸ್ವಿಟ್ಜರ್ಲೆಂಡ್‌ಗೆ ಹೋಗುವಾಗ ಗಡಿಯೇ ಕಾಣುವುದಿಲ್ಲ ಎಂದು ಪಾಸ್‌ಪೋರ್ಟನ್ನು ಅಕ್ಕನ ಮನೆಯಲ್ಲಿ ಬಿಟ್ಟು ಹೋಗಬೇಡಿ. 2024ರ ಸೆಪ್ಟೆಂಬರ್‌ನಲ್ಲಿ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಶುರು ಮಾಡಿತು, ರೈಲಿನೊಳಗೇ ಪೊಲೀಸರು ಬರುತ್ತಾರೆ. ಇನ್ನೊಂದು, ಒಕ್ಕೂಟದ ಹೊರಗಿನಿಂದ ಹಾಲಿನ ಮತ್ತು ಮಾಂಸದ ಪದಾರ್ಥ ತರುವಂತಿಲ್ಲ. ತುಪ್ಪದ ಡಬ್ಬಿಯೂ ಅದರಲ್ಲಿ ಬರುತ್ತದೆ ಎಂದು ಅಮ್ಮನಿಗೆ ಮೊದಲೇ ಹೇಳಿ.

ಮೊದಲಹೆಜ್ಜೆ

ಅದನ್ನು ಹೇಳುವುದೇ ಎಲ್ಲಕ್ಕಿಂತ ಕಷ್ಟ.

ಎಲ್ಲರ ಮಾತನ್ನೂ ಬರೆದಿಟ್ಟುಕೊಂಡು ಕ್ರಮ ಹೀಗೆ ಮಾಡಿಕೊಂಡಿದ್ದೇನೆ. ಈ ವಾರ ಅಮ್ಮನ ಪಾಸ್‌ಪೋರ್ಟ್ ಮರುವಿತರಣೆಗೆ ಅರ್ಜಿ, ಹೆಸರು ಇದ್ದಂತೆಯೇ. ಅಷ್ಟರಲ್ಲಿ ಭಾವ ಹೊಣೆಗಾರಿಕೆ ಪತ್ರ ಮಾಡಿಸುತ್ತಾರೆ. ಹೊಸ ಪಾಸ್‌ಪೋರ್ಟ್ ಬಂದ ಕೂಡಲೇ ಜರ್ಮನಿಗೆ ಶೆಂಗೆನ್ ಅರ್ಜಿ, ಅದು ಕೈಗೆ ಬಂದ ಮೇಲೆ ಬ್ರಿಟನ್. ವಾಪಸ್ ಲಂಡನ್‌ನಿಂದಲೇ, ನೇರ ವಿಮಾನ. ಎರಡೂ ವೀಸಾ ಬರುವವರೆಗೆ ರದ್ದು ಮಾಡಬಹುದಾದ ಬುಕಿಂಗ್ ಮಾತ್ರ.

ಕೊನೆಯ ಸಂಶಯ: ಅಮ್ಮನ ಬೆರಳಿನ ಗೆರೆಗಳು ಸವೆದುಹೋಗಿವೆ. ಆಧಾರ್‌ನಲ್ಲೂ ಪಿಂಚಣಿಯ ಜೀವಿತ ಪ್ರಮಾಣದಲ್ಲೂ ಯಂತ್ರ ಒಪ್ಪುವುದೇ ಇಲ್ಲ. ವಯಸ್ಸಾದವರಿಗೆ ಬೆರಳಚ್ಚಿನಿಂದ ವಿನಾಯಿತಿ ಇದೆಯೇ?

ಗಡಿಯಾಚೆ

ವಯಸ್ಸಾದವರೆಂದು ಶೆಂಗೆನ್‌ನಲ್ಲಿ ವಿನಾಯಿತಿ ಇಲ್ಲ, ಹನ್ನೆರಡು ವರ್ಷದೊಳಗಿನ ಮಕ್ಕಳಿಗಷ್ಟೇ. ಆದರೆ ಹತ್ತೂ ಬೆರಳು ಬರದಿದ್ದರೆ ಬಂದಷ್ಟನ್ನು ತೆಗೆದುಕೊಳ್ಳಬೇಕು, ದೈಹಿಕವಾಗಿ ಸಾಧ್ಯವೇ ಇಲ್ಲದಿದ್ದರೆ ಬಿಡಬೇಕು ಎಂದು ನಿಯಮದಲ್ಲೇ ಇದೆ. ಅದಕ್ಕಾಗಿ ಅರ್ಜಿ ನಿರಾಕರಿಸುವಂತಿಲ್ಲ. ಒಮ್ಮೆ ಕೊಟ್ಟ ಬೆರಳಚ್ಚು 59 ತಿಂಗಳು ನಡೆಯುತ್ತದೆ, ಮುಂದಿನ ಸಲ ಈ ಕಷ್ಟ ತಪ್ಪುತ್ತದೆ.

ಕೌಂಟರ್‌ಹಿಂದೆ

ಹೋಗುವ ಹಿಂದಿನ ಕೆಲವು ದಿನ ಅಮ್ಮನ ಕೈಗೆ ರಾತ್ರಿ ಹೊತ್ತು ಕೊಬ್ಬರಿ ಎಣ್ಣೆ ಹಚ್ಚಲು ಹೇಳಿ, ಬೆಳಿಗ್ಗೆ ಚೆನ್ನಾಗಿ ಒರೆಸಿಕೊಂಡು ಹೋಗಲಿ. ಒಣಗಿದ ಬೆರಳಿಗಿಂತ ಮೆತ್ತಗಿರುವ ಬೆರಳನ್ನು ಯಂತ್ರ ಬೇಗ ಓದುತ್ತದೆ. ಫ್ರಾಂಕ್‌ಫರ್ಟ್ ಗಡಿಯಲ್ಲಿ ಹೊಸ ವ್ಯವಸ್ಥೆಗೆ ಮುಖದ ಫೋಟೊ ತೆಗೆಯುತ್ತಾರೆ. ಆಗ ಕನ್ನಡಕ ತೆಗೆಯಲು ಹೇಳಿದರೆ ಗಾಬರಿಯಾಗುವುದು ಬೇಡ.